ಸಿಡ್ ತಾತನ ಮಂಡಿ

ಹೋದ ವಾರ ಸೊಲಿಹಲ್‌ನ ನಮ್ಮ ಮನೆಯ ಗ್ಯಾರೇಜು ಚೊಕ್ಕಟ ಮಾಡಲು ಹೊರಟೆ. ಗ್ಯಾರೇಜು ಎಂದ ತಕ್ಷಣ ಅದರೊಳಗೆ ಕಾರು ಇರುತ್ತದೆ ಎಂದುಕೊಳ್ಳಬೇಡಿ. ನಮ್ಮ ಕಾರು ಮಳೆಯಲ್ಲಿ ನೆನೆಯುತ್ತ ಮನೆಯ ಮುಂದೆ ನಿಂತಿರುತ್ತದೆ. ಒಳಗೆ ಬೆಚ್ಚಗಿರುವುದು ಹಿಡಿ ಕಿತ್ತುಹೋದ ಸೂಟ್‌ಕೇಸುಗಳು, ಮಗಳ ಹಳೇ ಸೈಕಲ್ಲು, ಮೈಸೂರಿನಿಂದ ಹೊತ್ತು ತಂದು ಒಂದು ಸಲವೂ ರುಬ್ಬದ ಒರಳುಕಲ್ಲು. ಆ ಒರಳಿನ ಹಿಂದೆ ಒಂದು ಎಲ್ ಬೋರ್ಡು ಸಿಕ್ಕಿತು. ಬಿಳಿಯ ಚೌಕದ ಮೇಲೆ ಕೆಂಪು ಎಲ್. ಜೀವದ ಆಸೆ ಇದ್ದವರು ದೂರ ಇರಿ ಎಂದು ಊರಿಗೆಲ್ಲ ಸಾರಲು ಕಾರು ಕಲಿಯುವವರು ಹಿಂದೆ ಮುಂದೆ ಅಂಟಿಸಿಕೊಳ್ಳುವ ಬೋರ್ಡು.

"ಅಮ್ಮಾ, ಜಸ್ಟ್ ಬಿನ್ ಇಟ್" ಎಂದಳು ಮಗಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲೇ ಬರುತ್ತದೆ.

"ಇರೇ, ಸ್ವಲ್ಪ ಕೂತ್ಕೋತೀನಿ" ಎಂದು ನಾನು ಒರಳಿನ ಮೇಲೇ ಕುಳಿತೆ. ಕೊನೆಗೂ ಅದು ಒಂದು ಉಪಯೋಗಕ್ಕೆ ಬಂತು.

ನನಗೆ ಕಾರು ಕಲಿಸಿದವರು ಯುದ್ಧಕಾಲದ ಒಬ್ಬ ಫುಟ್‌ಬಾಲ್ ಆಟಗಾರರು ಎಂದರೆ ನೀವು ನಂಬಲಿಕ್ಕಿಲ್ಲ. ಅವರನ್ನು ಮೊದಲು ಕಂಡದ್ದು ನೆಲದ ಮೇಲೆ, ಅಂಗಾತ ಮಲಗಿದ್ದ ಭಂಗಿಯಲ್ಲಿ. ಮಲಗಿಸಿದವಳು ನಾನೇ.

ಮದುವೆಯಾಗಿ ಲೀಡ್ಸ್‌ಗೆ ಬಂದ ನನ್ನ ಮೊದಲ ಚಳಿಗಾಲ ಅದು. ನಮ್ಮವರು ಅಲ್ಲಿನ ಆಸ್ಪತ್ರೆಯಲ್ಲಿ ಮೂಳೆ ವಿಭಾಗದ ಕಿರಿಯ ಡಾಕ್ಟರು. ಅವರ ಡ್ಯೂಟಿ ಪಟ್ಟಿ, ಅಂದರೆ ರೋಟಾ, ನೋಡಿಕೊಂಡೇ ನಮ್ಮ ಹಬ್ಬ, ಊಟ, ಜಗಳ ಎಲ್ಲ ನಡೆಯಬೇಕು. ಒಂದಕ್ಕೊಂದು ಅಂಟಿಕೊಂಡ ಕೆಂಪಿಟ್ಟಿಗೆಯ ಮನೆಗಳ ಸಾಲಿನಲ್ಲಿ ನಮ್ಮದೊಂದು ಬಾಡಿಗೆ ಮನೆ. ಬಾಗಿಲು ತೆಗೆದರೆ ಮೆಟ್ಟಿಲು, ಮೆಟ್ಟಿಲಿಳಿದರೆ ಬೀದಿ. ಸಂಕ್ರಾಂತಿಯ ಬೆಳಿಗ್ಗೆ, ಅಮ್ಮ ಅಭ್ಯಾಸ ಮಾಡಿಸಿದ್ದ ಹಾಗೆ, ಬಕೆಟ್ಟು ನೀರು ತಂದು ಮೆಟ್ಟಿಲನ್ನೂ ಅದರ ಮುಂದಿನ ಕಾಲುದಾರಿಯನ್ನೂ ಧಾರಾಳವಾಗಿ ತೊಳೆದೆ. ರಂಗೋಲಿ ಡಬ್ಬಿ ತರಲು ಒಳಗೆ ಹೋದೆ. ಡಬ್ಬಿ ಹುಡುಕಿ ತಿರುಗಿ ಬರುವಷ್ಟರಲ್ಲಿ ನೀರು ಗಾಜಾಗಿತ್ತು. ಗಾಜಿನ ಮೇಲೆ ಪಕ್ಕದ ಮನೆಯ ಮುದುಕರು ಮಲಗಿದ್ದರು. ಕೈಯಲ್ಲಿ ಅಂದಿನ ಪೇಪರು ಹಾಗೇ ಇತ್ತು.

"ಮಾರ್ನಿಂಗ್, ಲವ್" ಎಂದರು, ಮಲಗಿದ್ದಲ್ಲಿಂದಲೇ.

ಯಾರ್ಕ್‌ಷೈರಿನಲ್ಲಿ ಬಸ್ ಡ್ರೈವರಿಂದ ಹಿಡಿದು ತರಕಾರಿಯವಳ ತನಕ ಎಲ್ಲರೂ ಎಲ್ಲರನ್ನೂ 'ಲವ್' ಎನ್ನುತ್ತಾರೆ. ನಮ್ಮ ಕಡೆ 'ಏನಮ್ಮಾ' ಅನ್ನುವ ಹಾಗೆ. ನನಗದು ಇನ್ನೂ ರೂಢಿಯಾಗಿರಲಿಲ್ಲ. ಬಿದ್ದವರನ್ನು ಎತ್ತುವುದೋ, ಅವರ ಮಾತಿಗೆ ಕೋಪಿಸಿಕೊಳ್ಳುವುದೋ ತಿಳಿಯದೆ, "ರೀ!" ಎಂದು ಒಳಗೆ ಕೂಗಿದೆ.

ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ್ದ ನಮ್ಮವರು ಪಂಚೆಯಲ್ಲೇ ಓಡಿಬಂದರು. ಇಬ್ಬರೂ ಸೇರಿ ಮುದುಕರನ್ನು ಒಳಗೆ ಕರೆದು ತಂದು ಸೋಫಾದ ಮೇಲೆ ಕೂರಿಸಿದೆವು. ಐಸ್ ಪ್ಯಾಕ್ ಇರಲಿಲ್ಲ. ಹುಗ್ಗಿಗೆಂದು ತಂದಿಟ್ಟಿದ್ದ ಫ್ರೀಜರಿನ ಬಟಾಣಿ ಪೊಟ್ಟಣವನ್ನು ಅವರ ಸೊಂಟಕ್ಕೆ ಒತ್ತಿ ಹಿಡಿದೆ. ನಮ್ಮವರು ಸೊಂಟ, ಕಣಕಾಲು, ಮಂಡಿ ಎಲ್ಲ ಒತ್ತಿ, ಮಡಿಸಿ, ತಿರುಗಿಸಿ ನೋಡಿದರು. ನೋಡುತ್ತ ನೋಡುತ್ತ ಅವರ ಮುಖದಲ್ಲಿ ಭಕ್ತಿ ಮೂಡಿತು.

"ಈ ವಯಸ್ಸಿಗೆ ಇಂಥ ಮಂಡಿ ನಾನು ನೋಡಿಯೇ ಇಲ್ಲ. ನನ್ನದಕ್ಕಿಂತ ಚೆನ್ನಾಗಿದೆ. ಎರಡಕ್ಕೂ ಜನ್ಮದಲ್ಲಿ ಒಂದು ಪೆಟ್ಟು ಬಿದ್ದ ಹಾಗಿಲ್ಲ."

ಮುದುಕರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಡಾಕ್ಟರೇ, ಈ ವಿಷಯ ಈ ರೂಮು ಬಿಟ್ಟು ಆಚೆ ಹೋಗಬಾರದು."

ಕಾಯಿಲೆಯನ್ನು ಗುಟ್ಟಾಗಿಡಿ ಎಂದು ಬೇಡುವವರನ್ನು ನಮ್ಮವರು ಬೇಕಾದಷ್ಟು ಕಂಡಿದ್ದರು. ಆರೋಗ್ಯವನ್ನು ಗುಟ್ಟಾಗಿಡಿ ಎಂದವರು ಇವರೊಬ್ಬರೇ.

ಅವರ ಹೆಸರು ಸಿಡ್. ಗಣಿಯಲ್ಲಿ ಕೆಲಸ ಮಾಡಿ ನಿವೃತ್ತರಾಗಿದ್ದರು. ಹೆಂಡತಿ ನೋರಾ ಹಿಂದಿನ ವರ್ಷವಷ್ಟೇ ತೀರಿಕೊಂಡಿದ್ದರು. "ಸಿಡ್ ಅಂತ ಕರಿ ಸಾಕು" ಎಂದರೂ ನನ್ನ ನಾಲಿಗೆ ಏಳಲಿಲ್ಲ. ಅಪ್ಪನಿಗಿಂತ ದೊಡ್ಡವರನ್ನು ಬರೀ ಹೆಸರು ಹಿಡಿದು ಕರೆಯುವುದು ಹೇಗೆ? ಎದುರಿಗೆ ಆದಷ್ಟೂ ಕರೆಯದೇ ನಿಭಾಯಿಸಿದೆ; ಮನೆಯೊಳಗೆ ಅವರು ಸಿಡ್ ತಾತ ಆದರು. ಒಮ್ಮೆ ಬಾಯಿ ತಪ್ಪಿ ಎದುರಿಗೇ 'ತಾತ' ಎಂದುಬಿಟ್ಟೆ. ಅರ್ಥ ಕೇಳಿದರು, ಹೇಳಿದೆ. ಆಮೇಲೆ ಸಿಡ್ ಎಂದರೆ ಓಗೊಡುವುದನ್ನೇ ಬಿಟ್ಟರು. ನಾವು ಮಾತಾಡುತ್ತಿದ್ದುದು ಇಂಗ್ಲಿಷಿನಲ್ಲೇ. ಆದರೆ ಈಗ ನೆನೆಸಿಕೊಂಡರೆ ಅವರು ನನ್ನ ಕಿವಿಯಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ.

ಆ ದಿನಗಳಲ್ಲಿ ನಾನು ಕಾರು ಕಲಿಯುತ್ತಿದ್ದೆ. ಕಲಿಸುತ್ತಿದ್ದವರು ನಮ್ಮವರು. ಗಂಡನಿಂದ ಕಾರು ಕಲಿತವರಿಗೆ ನಾನು ಹೆಚ್ಚಿಗೆ ಹೇಳಬೇಕಾಗಿಲ್ಲ. ಆಪರೇಷನ್ ಥಿಯೇಟರಿನಲ್ಲಿ ತಣ್ಣಗಿರುವ ಮನುಷ್ಯ ನನ್ನ ಪಕ್ಕದ ಸೀಟಿನಲ್ಲಿ ಕೂತರೆ, ಇಲ್ಲದ ಬ್ರೇಕನ್ನು ಎರಡೂ ಕಾಲಿನಿಂದ ತುಳಿಯುತ್ತಿದ್ದರು. ಒಂದು ದಿನ ಮನೆಯ ಮುಂದೆಯೇ ನಮ್ಮ ಮಾತು ಏರಿತು. ಗೋಡೆಯಾಚೆಯಿಂದ ಸಿಡ್ ತಾತ ಇಣುಕಿದರು. "ಲೈಸೆನ್ಸ್ ಇರೋರು ಯಾರಾದ್ರೂ ಪಕ್ಕದಲ್ಲಿ ಕೂತ್ರೆ ಸಾಕು ತಾನೆ? ನನ್ನ ಹತ್ರ ಲೈಸೆನ್ಸ್ ಇದೆ, ಕಾರಿಲ್ಲ. ನಿನ್ನ ಹತ್ರ ಕಾರಿದೆ. ಶನಿವಾರ ಶನಿವಾರ ನಮ್ಮ ಊರಿಗೆ ಕರ್ಕೊಂಡು ಹೋಗು. ಶನಿವಾರದ ಬಸ್ಸು ನಿಲ್ಲಿಸಿಬಿಟ್ಟಿದಾರೆ."

ಅವರ ಊರು ವೇಕ್‌ಫೀಲ್ಡ್ ದಾಟಿ ಹೋದರೆ ಸಿಗುವ ಒಂದು ಗಣಿ ಊರು. ಗಣಿ ಮುಚ್ಚಿ ಹೋಗಿತ್ತು, ಊರು ಉಳಿದಿತ್ತು. ಅಲ್ಲಿ ಅವರ ಗೆಳೆಯ ವಾಲ್ಟರ್ ಒಬ್ಬರೇ ಇದ್ದರು. ಶನಿವಾರ ಮಧ್ಯಾಹ್ನ ಇಬ್ಬರೂ ಕೂತು ರೇಡಿಯೋದಲ್ಲಿ ಆಟದ ಕಾಮೆಂಟರಿ ಕೇಳಬೇಕು, ಅದು ತಪ್ಪಬಾರದು.

ಆಟ ಎಂದರೆ ಫುಟ್‌ಬಾಲ್. ಹಾಗೆಂದು ಅವರು ಹೇಳಿದಾಗ ನಾನು ಗುಂಡು ಚೆಂಡು, ಕಾಲಿನ ಆಟವನ್ನೇ ನೆನೆಸಿಕೊಂಡೆ. ಆ ಊರುಗಳಲ್ಲಿ ಫುಟ್‌ಬಾಲ್ ಎಂದರೆ ರಗ್ಬಿ ಲೀಗ್. ಮೊಟ್ಟೆಯಾಕಾರದ ಚೆಂಡು, ಒಂದೊಂದು ಕಡೆ ಹದಿಮೂರು ಜನ. ಚೆಂಡನ್ನು ಕೈಯಲ್ಲಿ ಹಿಡಿದು ಓಡಬೇಕು, ಎದುರಾಳಿಗಳು ಮೇಲೆ ಬಿದ್ದು ಕೆಡವಬೇಕು, ಗೆರೆಯಾಚೆ ಚೆಂಡನ್ನು ನೆಲಕ್ಕೆ ಮುಟ್ಟಿಸಿದರೆ ಅದೊಂದು ಟ್ರೈ. ನಾನು ಅವರಿಗೆ ಕಬಡ್ಡಿಯ ಬಗ್ಗೆ ಹೇಳಿದೆ. ಸ್ಕೂಲಿನ ಕಬಡ್ಡಿ ತಂಡದಲ್ಲಿ ನಾನಿದ್ದೆ ಎಂದೂ ಹೇಳಿದೆ. ಅಂಕಣದ ಹೊರಗೆ ಕೂತು ಉಳಿದವರ ಕನ್ನಡಕ, ಬಳೆ ಕಾಯುವುದು ನನ್ನ ಪಾತ್ರವಾಗಿತ್ತು ಎಂದು ಹೇಳಲಿಲ್ಲ. "ಉಸಿರು ಬಿಗಿಹಿಡಿದು ಆಡೋದಾ?" ಎಂದು ಅವರು ಬೆರಗಾದರು. "ನಮಗಂತೂ ಆಗ್ತಿರಲಿಲ್ಲಮ್ಮ. ನಮಗೆ ಬೈಯೋಕೆ ಉಸಿರು ಬೇಕಾಗ್ತಿತ್ತು."

ಸಿಡ್ ತಾತ ಆಡುತ್ತಿದ್ದುದು ಅಂಚಿನಲ್ಲಿ ಓಡುವ ವಿಂಗರ್ ಆಗಿ. ಕಾರು ಕಲಿಸಿದ್ದೂ ಅದೇ ರೀತಿ. ದೊಡ್ಡ ವೃತ್ತಗಳ ಬಳಿ ನಾನು ಹೆದರಿ ನಿಂತರೆ, "ಗ್ಯಾಪ್ ಕಂಡ್ರೆ ನುಗ್ಗಬೇಕು! ಯೋಚನೆ ಮಾಡ್ತಾ ನಿಂತ್ರೆ ಮುಚ್ಕೊಂಡುಬಿಡುತ್ತೆ!" ಎಂದು ಡ್ಯಾಷ್‌ಬೋರ್ಡು ಬಡಿಯುತ್ತಿದ್ದರು. ಮೊದಲನೇ ಟೆಸ್ಟಿನಲ್ಲಿ ನಾನು ಹಾಗೇ ನುಗ್ಗಿದೆ. ಪರೀಕ್ಷಕ ಗಾಡಿಯಿಂದಿಳಿದು ಸ್ವಲ್ಪ ಹೊತ್ತು ಮರ ಹಿಡಿದು ನಿಂತಿದ್ದ.

ಮೊದಲ ಶನಿವಾರವೇ ನನಗೊಂದು ವಿಚಿತ್ರ ಕಂಡಿತು. ಲೀಡ್ಸ್‌ನಲ್ಲಿ ಗೋಡೆ ಹಾರಿಬಿಡುವ ಹಾಗೆ ಓಡಾಡುತ್ತಿದ್ದ ಮನುಷ್ಯ, ವಾಲ್ಟರ್ ಅವರ ಊರಲ್ಲಿ ಕಾರಿನಿಂದ ಇಳಿದದ್ದೇ ಕುಂಟತೊಡಗಿದರು. ಎಡಗಾಲು ಎಳೆಯುತ್ತ, ಗೇಟು ಹಿಡಿದುಕೊಂಡು, ಉಸ್ಸಪ್ಪಾ ಎನ್ನುತ್ತ ಒಳಗೆ ಹೋದರು. ವಾಲ್ಟರ್ ಬಾಗಿಲಲ್ಲಿ ನಿಂತು, "ಹೇಗಿದೆಯೋ ಮಂಡಿ?" ಎಂದರು. "ಚಳಿಗೆ ಸ್ವಲ್ಪ ಜಾಸ್ತಿ ಕಣೋ" ಎಂದರು ಸಿಡ್ ತಾತ. ವಾಪಸು ಲೀಡ್ಸ್‌ಗೆ ಬಂದು ಇಳಿದಾಗ ಮಂಡಿ ವಾಸಿಯಾಗಿತ್ತು. ಮುಂದಿನ ಶನಿವಾರವೂ ಇದೇ. ಅದರ ಮುಂದಿನದೂ ಇದೇ.

ಒಂದು ದಿನ ವಾಪಸು ಬರುವಾಗ ಕೇಳಿಯೇಬಿಟ್ಟೆ. ಅವರು, "ಗಾಡಿ ಪಕ್ಕಕ್ಕೆ ಹಾಕು, ಲವ್. ನಾನಿದನ್ನ ಹೇಳೋವಾಗ ನೀನು ಗೇರ್ ಹುಡುಕೋದು ಬೇಡ" ಎಂದರು.

ಎರಡನೇ ಮಹಾಯುದ್ಧ ಶುರುವಾದಾಗ ಅವರು ಗಣಿಗೆ ಇಳಿಯುತ್ತಿದ್ದ ಹುಡುಗ. ವಾಲ್ಟರ್ ಆಗ ಊರಿನ ತಂಡದ ವಿಂಗರ್, ಊರಿಗೇ ಹೀರೋ. ಬೇಲಿಯಾಚೆ ನಿಂತು ಅವರ ಓಟ ನೋಡುವುದೇ ಸಿಡ್ ತಾತನ ಶನಿವಾರವಾಗಿತ್ತು. ಯುದ್ಧಕ್ಕೆ ತಂಡದ ಅರ್ಧ ಜನ ಹೊರಟರು, ವಾಲ್ಟರ್ ಕೂಡ. ಕಲ್ಲಿದ್ದಲಿಲ್ಲದೆ ಯುದ್ಧ ನಡೆಯುವುದಿಲ್ಲವೆಂದು ಗಣಿಯವರನ್ನು ಮಾತ್ರ ಸರ್ಕಾರ ಬಿಡಲಿಲ್ಲ. ಓಟ ಚೆನ್ನಾಗಿದೆಯೆಂದು ವಾಲ್ಟರ್ ಜಾಗಕ್ಕೆ ಸಿಡ್ ಅವರನ್ನು ಹಾಕಿಕೊಂಡರು. ರೈಲ್ವೆ ಸ್ಟೇಷನ್ನಿನಲ್ಲಿ ವಾಲ್ಟರ್ ಸಿಡ್ ತಾತನ ಭುಜ ಹಿಡಿದು ಹೇಳಿದರಂತೆ: "ನನ್ನ ಜಾಗ ಬೆಚ್ಚಗಿಟ್ಟಿರು. ಅದರ ಮೇಲೆ ಆಸೆ ಮಾತ್ರ ಇಟ್ಕೋಬೇಡ."

ಯುದ್ಧಕಾಲದ ಆ ಆಟವನ್ನು ಸಿಡ್ ತಾತ ವರ್ಣಿಸುವುದು ಕೇಳಬೇಕಿತ್ತು. ಬೆಳಗಿನ ಪಾಳಿ ಮುಗಿಸಿ ಗಣಿಯಿಂದ ಮೇಲೆ ಬಂದವರೇ ಮೈದಾನಕ್ಕೆ ಓಡುವುದು. ಒಮ್ಮೆ ರೆಫರಿ, "ಮೊದಲು ಮುಖ ತೊಳ್ಕೊಂಡು ಬಾ, ನೀನು ಯಾರ ಕಡೆ ಅಂತ ಗೊತ್ತಾಗ್ತಿಲ್ಲ" ಎಂದು ಕಳಿಸಿದರಂತೆ. ತಂಡಕ್ಕೆ ಜನ ಸಾಲದಿದ್ದರೆ ಹತ್ತಿರದ ಸೇನಾ ಶಿಬಿರದಿಂದ ಬೇರೆ ಊರಿನ ಆಟಗಾರರು ಅತಿಥಿಗಳಾಗಿ ಬಂದು ಆಡುತ್ತಿದ್ದರು. ಹೆಸರು ತಿಳಿಯುವಷ್ಟರಲ್ಲಿ ಆಟ ಮುಗಿದು, ಮುಂದಿನ ವಾರ ಅವರು ಯಾವುದೋ ಸಮುದ್ರದ ಮೇಲೆ. ಬಟ್ಟೆಗೆ ರೇಷನ್ ಆದ್ದರಿಂದ ಜೆರ್ಸಿ ಹರಿದರೆ ಹೊಸದಿಲ್ಲ. ನೋರಾ ಆಗಿನ್ನೂ ಅವರ ಹೆಂಡತಿಯಲ್ಲ, ಪಕ್ಕದ ಬೀದಿಯ ಹುಡುಗಿ. ತನ್ನ ಸ್ವೆಟರು ಬಿಚ್ಚಿ ಆ ಉಣ್ಣೆಯಲ್ಲಿ ಇವರ ಜೆರ್ಸಿಗೆ ತೋಳು ಹೆಣೆದಳು. ಇಡೀ ತಂಡದಲ್ಲಿ ಒಬ್ಬರಿಗೇ ಒಂದು ತೋಳು ಗುಲಾಬಿ ಬಣ್ಣ. "ಅದನ್ನ ಹಾಕ್ಕೊಂಡ ಮೇಲೆ ವೇಗವಾಗಿ ಓಡದೆ ಬೇರೆ ದಾರಿ ಇರಲಿಲ್ಲ" ಎಂದರು.

ಓಡಿದರು ಕೂಡ. ಆ ವರ್ಷಗಳಲ್ಲಿ ತಂಡದ ಹೆಚ್ಚಿನ ಟ್ರೈಗಳು ಅವರವೇ. ಆದರೆ ಒಂದು ಶನಿವಾರ ಗೆರೆ ದಾಟಿ ಬಿದ್ದೆದ್ದಾಗ, ಬೇಲಿಯ ಬಳಿ ಕಪ್ಪು ಕೋಟಿನ ಹೆಂಗಸೊಬ್ಬಳು ನಿಂತಿದ್ದಳು. ಅವಳ ಮಗ ಸ್ವಲ್ಪ ದಿನದ ಹಿಂದಷ್ಟೇ ಯುದ್ಧದಲ್ಲಿ ಹೋಗಿದ್ದ. "ಕಾಲು ಚೆನ್ನಾಗೇ ಇದೆಯಲ್ಲ ನಿಂಗೆ, ಮತ್ತೆ ಇಲ್ಯಾಕಿದ್ದೀಯ?" ಎಂದಳು. ಬೈದಿದ್ದರೆ ಮರೆಯುತ್ತಿದ್ದೆ, ಅವಳು ಮೆಲ್ಲಗೆ ಕೇಳಿದಳು ಎಂದರು ಸಿಡ್ ತಾತ.

ವಾಲ್ಟರ್ ಸೆರೆ ಸಿಕ್ಕಿದ್ದರು. ಯುದ್ಧ ಮುಗಿದು, ಸೆರೆಶಿಬಿರದಿಂದ ಊರಿಗೆ ಬಂದಾಗ ಅವರ ಕೋಟು ಗೂಟಕ್ಕೆ ನೇತುಹಾಕಿದ ಹಾಗಿತ್ತು. ಆದರೂ ಮೊದಲ ವಾರವೇ ಬೂಟು ಹಿಡಿದು ಅಭ್ಯಾಸಕ್ಕೆ ಬಂದರು. ಓಡಿದರು, ಮೊದಲಿನ ವಾಲ್ಟರ್ ಅಲ್ಲ ಎಂದು ಎಲ್ಲರಿಗೂ ಕಂಡಿತು. ಸಿಡ್ ಅವರೇ ಮುಂದುವರಿಯಲಿ ಎಂದು ಕಮಿಟಿ ತೀರ್ಮಾನಿಸಿತು. ವಾಲ್ಟರ್‌ಗೆ ಹೇಳುವುದೊಂದು ಬಾಕಿ ಇತ್ತು.

"ಅಲ್ಲಿ ಮುಳ್ಳುತಂತಿಯೊಳಗೆ ಏನು ಯೋಚನೆ ಮಾಡ್ತಿದ್ದೆ ಅಂತ ಕೇಳಿದೆ ಅವನ್ನ. ಶನಿವಾರ ಮಧ್ಯಾಹ್ನ ಅಂದ. ಪ್ರತಿ ವಾರ ಆ ಹೊತ್ತಿಗೆ ಕಣ್ಣು ಮುಚ್ಕೊಂಡು ಒಂದು ಪೂರ್ತಿ ಆಟ ಆಡ್ತಿದ್ನಂತೆ." ಸಿಡ್ ತಾತ ಕಾರಿನ ಕಿಟಕಿಯಿಂದಾಚೆ ನೋಡುತ್ತಿದ್ದರು. "ಅವನ ಶನಿವಾರಗಳನ್ನೆಲ್ಲ ನಿಜವಾಗಿ ಆಡಿದ್ದು ನಾನು."

ಮುಂದಿನ ಅಭ್ಯಾಸದ ದಿನ ಸಿಡ್ ಓಡುತ್ತ ಓಡುತ್ತ ಎಡಮಂಡಿ ಹಿಡಿದುಕೊಂಡು ಬಿದ್ದರು. ಯಾರೂ ಮುಟ್ಟಿರಲಿಲ್ಲ. ಎಣ್ಣೆ ತಿಕ್ಕಿದರು, ಪಟ್ಟಿ ಕಟ್ಟಿದರು, ಏಳಲಿಲ್ಲ. ಅವರ ಆಟ ಅಲ್ಲಿಗೆ ಮುಗಿಯಿತು. ವಾಲ್ಟರ್‌ಗೆ ಅವರ ಜಾಗ ಸಿಕ್ಕಿತು. ಮೊದಮೊದಲು ತಡವರಿಸಿದರು, ಊಟ ಮೈಗೆ ಹತ್ತಿದ ಹಾಗೆ ಕಾಲೂ ಬಂತು. ಇನ್ನೂ ಕೆಲವು ವರ್ಷ ಆಡಿ, ಹೆಸರು ಮಾಡಿ, ಕೈಚಪ್ಪಾಳೆಯೊಂದಿಗೆ ನಿವೃತ್ತರಾದರು.

"ಆಮೇಲಾದ್ರೂ ವಾಸಿಯಾಯ್ತು ಅನ್ನಬಹುದಿತ್ತಲ್ಲ ತಾತ?"

"ಅವನು ಆಟ ಬಿಟ್ಟ ವಾರವೇ ನನ್ನ ಮಂಡಿ ನೆಟ್ಟಗಾದ್ರೆ? ವಾಲ್ಟರ್ ದಡ್ಡ ಅಲ್ಲಮ್ಮ."

ಅಲ್ಲಿಂದಾಚೆ ಆ ಊರಿನಲ್ಲಿ ಅವರು ನೆಟ್ಟಗೆ ನಡೆಯಲೇ ಇಲ್ಲ. ಗಣಿಗೂ ಕುಂಟುತ್ತಲೇ ಹೋದರು, ಮದುವೆಗೂ ಕುಂಟುತ್ತಲೇ ಹೋದರು. ನೋರಾಗೆ ಮಾತ್ರ ಎಲ್ಲ ಗೊತ್ತಿತ್ತು. ಅವಳಿಗೆ ಡಾನ್ಸ್ ಎಂದರೆ ಪ್ರಾಣ. ಊರಿನ ಡಾನ್ಸ್ ಹಾಲಿಗೆ ಹೋಗುವ ಹಾಗಿಲ್ಲ. ಸಂಜೆ ಅಡುಗೆಮನೆಯ ಪರದೆ ಎಳೆದು, ರೇಡಿಯೋ ಹಾಕಿ ಇಬ್ಬರೇ ಕುಣಿಯುತ್ತಿದ್ದರಂತೆ. ನಿವೃತ್ತರಾದ ಮೇಲೆ ಲೀಡ್ಸ್‌ಗೆ ಬಂದದ್ದೂ ಅದಕ್ಕೇ. ಗಂಡನ ಜೊತೆ ಒಂದು ಬೀದಿಯಲ್ಲಾದರೂ ಸರಿಯಾಗಿ ನಡೆಯಬೇಕೆಂದು ನೋರಾ ಆಸೆಪಟ್ಟಿದ್ದಳು.

ಅಂದು ನನಗೆ ಗಾಡಿ ಸ್ಟಾರ್ಟ್ ಮಾಡಲು ಬಹಳ ಹೊತ್ತು ಹಿಡಿಯಿತು. ಈ ಸಲ ಗೇರಿನದೇನೂ ತಪ್ಪಿರಲಿಲ್ಲ.

ಎರಡನೇ ಟೆಸ್ಟಿನಲ್ಲಿ ಪಾಸಾದೆ. ಹೊಸ ಲೈಸೆನ್ಸಿನಲ್ಲಿ ಮೊದಲ ದೂರಪ್ರಯಾಣ ಎಂದು ಟಿವಿಡೇಲ್‌ನ ಬಾಲಾಜಿ ಗುಡಿಗೆ ಹೊರಟಾಗ ಸಿಡ್ ತಾತ ಮುಂದಿನ ಸೀಟು ಬಿಟ್ಟುಕೊಡಲಿಲ್ಲ. ನಮ್ಮವರು ಹಿಂದೆ ಕೂತು ಅಲ್ಲಿಂದಲೇ ಬ್ರೇಕು ತುಳಿದರು. ಅರ್ಚಕರು ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಾಗ, "ಇದು ನಿನ್ನ ಮೊದಲ ಟೆಸ್ಟಿಗೆ ಮುಂಚೆ ಮಾಡಿಸಬೇಕಿತ್ತು" ಎಂದರು ತಾತ. ಪುಳಿಯೋಗರೆ ಎರಡನೇ ಸಲ ಹಾಕಿಸಿಕೊಂಡರು.

ಶನಿವಾರಗಳು ಮಾತ್ರ ಮೊದಲಿನಂತೆಯೇ ನಡೆದವು. ಅಂಥ ಒಂದು ಶನಿವಾರ, ಸಿಡ್ ತಾತ ಕುಂಟುತ್ತ ಮೀನು-ಚಿಪ್ಸ್ ತರಲು ಹೋದರು. ನನಗೆಂದು ಬರೀ ಚಿಪ್ಸ್. ನಾನು, ವಾಲ್ಟರ್ ಇಬ್ಬರೇ ಉಳಿದೆವು. ವಾಲ್ಟರ್ ಕಿಟಕಿಯಿಂದ ಅವರು ಹೋಗುವುದನ್ನೇ ನೋಡುತ್ತ ಕೇಳಿದರು: "ಲೀಡ್ಸ್‌ನಲ್ಲಿ ಚೆನ್ನಾಗಿ ನಡೀತಾನಾ?"

ನಾನು ಏನೋ ತೊದಲಿದೆ.

"ಗಾಬರಿಯಾಗ್ಬೇಡ. ನಂಗೆ ಅವನು ಬಿದ್ದ ಮೊದಲ ಚಳಿಗಾಲದಲ್ಲೇ ಗೊತ್ತಾಯ್ತು. ಒಂದು ಸಂಜೆ ಅವನ ಮಂಡಿ ಹೇಗಿದೆ ಅಂತ ವಿಚಾರಿಸೋಕೆ ಹೋದೆ. ಪರದೆ ಪೂರ್ತಿ ಮುಚ್ಚಿರಲಿಲ್ಲ. ನೋರಾನ ಎತ್ತಿ ಒಂದು ಸುತ್ತು ತಿರುಗಿಸಿದ." ವಾಲ್ಟರ್ ತಮ್ಮ ಕೈಗಳನ್ನೇ ನೋಡಿಕೊಂಡರು. "ಬಾಗಿಲು ಬಡಿಯೋಕೆ ಕೈ ಎತ್ತಿದ್ದೆ. ಇಳಿಸಿಬಿಟ್ಟೆ."

"ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಆಟ ಬಿಡಬೇಕಾಗ್ತಿತ್ತು. ಬಿಟ್ರೆ ಅವನು ಕೊಟ್ಟಿದ್ದು ದಂಡ ಆಗ್ತಿತ್ತು. ಅದರ ಬದಲು ಚೆನ್ನಾಗಿ ಆಡೋಣ ಅಂತ ಆಡಿದೆ. ಅದಕ್ಕೆ ಮುಂಚೆ ನಾನು ಅಷ್ಟು ಚೆನ್ನಾಗಿ ಆಡಿರಲೇ ಇಲ್ಲ." ಮತ್ತೆ ಅಂದರು: "ಅವನಿಗೆ ಹೇಳ್ಬೇಡಮ್ಮ. ಇಷ್ಟು ವರ್ಷ ಕಷ್ಟಪಟ್ಟಿದಾನೆ."

ಇಬ್ಬರು ಮುದುಕರ ಎರಡು ಗುಟ್ಟು ಹೊಟ್ಟೆಯಲ್ಲಿಟ್ಟುಕೊಂಡು ನಾನು ಅಂದು ಚಿಪ್ಸ್ ತಿಂದೆ. ನಮ್ಮವರಿಗೂ ಹೇಳಲಿಲ್ಲ. ಹೇಳಿದ್ದರೆ ಅವರಿಗೆ ವೈದ್ಯಕೀಯ ಕುತೂಹಲ ಕೆರಳುತ್ತಿತ್ತು.

ಮುಂದಿನ ಚಳಿಗಾಲ ವಾಲ್ಟರ್‌ಗೆ ಎದೆಯ ಸೋಂಕಾಗಿ ಆಸ್ಪತ್ರೆಗೆ ಸೇರಿಸಿದರು. ಆ ಶನಿವಾರ ನಾವು ಅಲ್ಲಿಗೇ ಹೋದೆವು. ಸಿಡ್ ತಾತ ವಾರ್ಡಿನ ಬಾಗಿಲಿನಿಂದಲೇ ಕಾಲೆಳೆಯುತ್ತ ಬಂದು ಕುರ್ಚಿಯಲ್ಲಿ ಕುಳಿತರು. ವಾಲ್ಟರ್ ಬಹಳ ಇಳಿದುಹೋಗಿದ್ದರು. ಕಣ್ಣು ಮುಚ್ಚಿ ಮಲಗಿದ್ದರು. ಆಮೇಲೆ ವಾಲ್ಟರ್ ಕಣ್ಣು ತೆರೆದು, "ಸಿಡ್, ಕಿಟಕಿ ತನಕ ಹೋಗಿ ಬಾ" ಎಂದರು.

ತಾತ ಎದ್ದು ಕುಂಟಲು ಶುರುಮಾಡಿದರು.

"ಹಾಗಲ್ಲ. ನೋರಾ ಜೊತೆ ಕುಣಿತಿದ್ಯಲ್ಲ, ಹಾಗೆ."

ತಾತ ನಿಂತಲ್ಲೇ ನಿಂತರು. ತಿರುಗಿ ನನ್ನನ್ನು ನೋಡಿದರು. ನಾನು ಹೇಳಿಲ್ಲವೆಂದು ತಲೆಯಾಡಿಸಿದೆ. ಅವರು ವಾಲ್ಟರ್ ಕಡೆ ತಿರುಗಿದರು. ತಾತನ ಮುಖದಲ್ಲಿ ಮೊದಲು ಭಯ ಬಂತು, ಆಮೇಲೆ ನಾಚಿಕೆ, ಆಮೇಲೆ ಏನೋ ಭಾರ ಇಳಿದಂತಾಯಿತು. ಬೆನ್ನು ನೆಟ್ಟಗೆ ಮಾಡಿ, ಹಾಸಿಗೆಗಳ ನಡುವೆ ಕಿಟಕಿಯ ತನಕ ನಡೆದು, ತಿರುಗಿ ಬಂದರು. ಎಂಬತ್ತರ ಹತ್ತಿರದ ಮನುಷ್ಯ, ಗಾಳಿಯ ಹಾಗೆ ಹಗುರ.

"ಯಾವಾಗಿನಿಂದ ಗೊತ್ತು?" ಎಂದರು.

"ಅದೆಲ್ಲ ಬಿಡು. ಈಗ ಊರಿಗೆ ಹೋಗು. ಮಾರ್ಕೆಟ್ ಬೀದಿ ಮೇಲಿನ ತುದೀಲಿ ಇಳಿ. ಕೆಳಗಿನ ತನಕ ನಡಿ. ಯಾರ್ಯಾರು ಏನಂದ್ರು ಅಂತ ಬಂದು ಹೇಳು." ಹಾಸಿಗೆಯ ಅಂಚಿನಲ್ಲಿ ವಾಲ್ಟರ್ ಅವರ ಕೈ ಏನನ್ನೋ ಹುಡುಕಿತು. ಸಿಡ್ ತಾತ ಅದನ್ನು ಹಿಡಿದುಕೊಂಡರು. ನಾನು ಕಾರು ತರುತ್ತೇನೆಂದು ಹೇಳಿ ಆಚೆ ಬಂದೆ.

ಬೀದಿಯ ಮೇಲಿನ ತುದಿಯಲ್ಲಿ ಅವರನ್ನು ಇಳಿಸಿದೆ. ಶನಿವಾರದ ಮಧ್ಯಾಹ್ನ, ಚಳಿಯ ಬಿಸಿಲು, ಅಂಗಡಿಗಳ ಮುಂದೆಲ್ಲ ಜನ. ಟೋಪಿ ತೆಗೆದು ಕೈಯಲ್ಲಿ ಹಿಡಿದು ಅವರು ಇಳಿಜಾರಿನಲ್ಲಿ ನಡೆಯತೊಡಗಿದರು. ನಾನು ಮೊದಲ ಗೇರಿನಲ್ಲಿ ಹಿಂದೆಯೇ ಹೋದೆ. ನನ್ನ ಹಿಂದೆ ಒಂದು ಬಸ್ಸು ಹಾರನ್ ಹೊಡೆಯುತ್ತಿತ್ತು, ಹೊಡೆದುಕೊಳ್ಳಲಿ ಎಂದು ಬಿಟ್ಟೆ. ಮಾಂಸದಂಗಡಿಯ ಮುಂದೆ ನಿಂತಿದ್ದ ಮುದುಕರೊಬ್ಬರು ಇವರನ್ನು ಕಂಡು ಕೈಚೀಲ ನೆಲಕ್ಕಿಟ್ಟರು.

"ಏಯ್ ಸಿಡ್! ನಿನ್ನ ಮಂಡಿ ಏನಾಯ್ತೋ?"

ಸಿಡ್ ತಾತ ನಡಿಗೆ ನಿಧಾನ ಮಾಡಲಿಲ್ಲ.

"ವಾಲ್ಟರ್ ವಾಸಿ ಮಾಡ್ದ" ಎಂದರು.